ಕಾಲಾಗಿನ ಕೊಬ್ಬು

2021ರ ಸಂಕ್ರಾಂತಿಗೆ ನನ್ನ ಹೆಸರಿನಲ್ಲಿ 11 ಕುರಿಗಳಿದ್ದವು. ಅದೇ ವರ್ಷ ದೀಪಾವಳಿ ಕಳೆದು ತಿಂಗಳಾಗುವಷ್ಟರಲ್ಲಿ ಉಳಿದದ್ದು 4. ಆ ನಾಲ್ಕನ್ನು ನಮ್ಮ ಕಾಕಾ ಏನೂ ಅನ್ನದೆ ತನ್ನ ಹಿಂಡಿಗೆ ಬಿಟ್ಟುಕೊಂಡ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಬೈದವರಿಗೆ ಎದುರುತ್ತರ ಕೊಡಬಹುದು, ಸುಮ್ಮನಿದ್ದವರಿಗೆ ಏನು ಕೊಡುವುದು?

ನಾನು ಕಲಬುರಗಿಯಲ್ಲಿ ಹೈಸ್ಕೂಲ್ ಹುಡುಗರಿಗೆ ವಿಜ್ಞಾನ ಕಲಿಸುವವ. ಊರು ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕಿನಲ್ಲಿ, ಕರಿಮಣ್ಣಿನ ಎರಿ ಹೊಲ ಮುಗಿದು ಕಲ್ಲುನೆಲದ ಮಡ್ಡಿ ಶುರುವಾಗುವ ಕಡೆ. ಮನೆತನ ಹಾಲುಮತದ್ದು. ಅಪ್ಪನಿಗೆ ಬಸ್ ಕಂಡಕ್ಟರ್ ನೌಕರಿ ಸಿಕ್ಕಿತು, ಕಾಕಾನಿಗೆ ಮುತ್ಯಾನ ಹಿಂಡು ಉಳಿಯಿತು. ಹೀಗಾಗಿ ನಮ್ಮ ಮನೆಯಲ್ಲಿ ಪುಸ್ತಕ, ಅವರ ಮನೆಯಲ್ಲಿ ಕುರಿ. ಕಾಕಾ ನನ್ನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. ಹತ್ತನೇ ಕ್ಲಾಸಿನಲ್ಲಿ ಇದ್ದಾಗಿನಿಂದಲೂ ‘ಮಾಸ್ತರ’ ಅನ್ನುತ್ತಾನೆ. ಆಗ ಅದು ಚೇಷ್ಟೆಯಾಗಿತ್ತು. ಈಗ ಏನೋ ಗೊತ್ತಿಲ್ಲ.

ಲಾಕ್‌ಡೌನ್ ಬಂತು, ಶಾಲೆ ಮುಚ್ಚಿತು, ಊರಿಗೆ ಹೋದೆ. ಕೈಯಲ್ಲಿ ಮೊಬೈಲ್, ಬ್ಯಾಂಕಿನಲ್ಲಿ ಒಂದಿಷ್ಟು ಉಳಿತಾಯ. ಮೊಬೈಲ್ ತೆರೆದರೆ ಸಾಕು, ಹಾಲಿನಲ್ಲಿ ಅದ್ದಿ ತೆಗೆದಂಥ ಟಗರುಗಳು, ಎತ್ತರದ ಶೆಡ್ಡು, ಮೈಕ್ ಹಿಡಿದ ಯಾರೋ ಒಬ್ಬ ತಿಂಗಳಿಗೆ ಇಷ್ಟಿಷ್ಟು ಕೆಜಿ ಎಂದು ಲೆಕ್ಕ ಹೇಳುತ್ತಿದ್ದ. ಪಕ್ಕದ ರಾಜ್ಯದ ಒಂದು ಫಾರ್ಮಿನಿಂದ 10 ಹೆಣ್ಣು, 1 ಟಗರು ತರಿಸಿದೆ. ಯಾವ ಫಾರ್ಮು ಎನ್ನುವುದು ಬೇಡ. ಮೊದಲ ಫೋನಿನಲ್ಲಿ ಆ ಟಗರಿಗೆ ಮಾಡಗ್ಯಾಳ ತಳಿಯ ರಕ್ತ ಇದೆ ಎಂದರು. ಎರಡನೇ ಫೋನಿನಲ್ಲಿ ನೆಲ್ಲೂರು ಸೇರಿತು. ನಾನು ಹಣ ಹಾಕುವ ಹೊತ್ತಿಗೆ ಡಾರ್ಪರ್ ಕೂಡ ಬಂದಿತ್ತು. ಒಂದೇ ಕುರಿಯೊಳಗೆ ಸಾಂಗಲಿ, ನೆಲ್ಲೂರು, ದಕ್ಷಿಣ ಆಫ್ರಿಕಾ ಮೂರೂ! ದಿನಾ ಹುಡುಗರಿಗೆ ‘ಪ್ರಶ್ನೆ ಕೇಳ್ರೋ’ ಎಂದು ಹೇಳುವ ನಾನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಪತ್ರಾಸ್ ಹೊದಿಸಿದ ಶೆಡ್ಡು, ನೆಲಕ್ಕೆ ಹಿಕ್ಕಿ ಕೆಳಗೆ ಬೀಳುವಂಥ ಪ್ಲಾಸ್ಟಿಕ್ ಜಾಲರಿ, ಗೋದಲಿ, ನೀರಿನ ನಳ. ಕಾಕಾ ಒಂದು ಸಂಜೆ ಬಂದು ಸುತ್ತು ಹಾಕಿ ನೋಡಿದ.

“ಬಾಳ ಚಂದ ಅವ. ನಡೀತಾವೇನು?”

“ಇವು ನಡಿಯೋದು ಬ್ಯಾಡ ಕಾಕಾ. ನಿಂತಲ್ಲೇ ತಿಂದು ಬೆಳೀತಾವ.”

“ಹಂಗಾರ ಅವಕ್ಕ ಕುರಿ ಯಾಕಂತಾರ?”

ನಾನು ನಕ್ಕೆ. ಅವನು ನಗಲಿಲ್ಲ. ಬೀಡಿ ಹಚ್ಚಿಕೊಂಡು ಹೋದ.

ಕಾಕಾನ ಹಿಂಡಿನ ವಿಷಯ ಹೇಳಬೇಕು. ಬಹುಪಾಲು ಕರಿಕುರಿ, ಪುಸ್ತಕದಲ್ಲಿ ಇದಕ್ಕೆ ದಖನಿ ತಳಿ ಎನ್ನುತ್ತಾರೆ. ಮಹಾರಾಷ್ಟ್ರ, ತೆಲಂಗಾಣ, ನಮ್ಮ ಉತ್ತರ ಕರ್ನಾಟಕ, ಅಂದರೆ ದಖನ್ ಪ್ರಸ್ಥಭೂಮಿ ಎಲ್ಲೆಲ್ಲಿ ಒಣಗಿದೆಯೋ ಅಲ್ಲೆಲ್ಲ ಇದರ ಊರು. ಕಪ್ಪು ಒರಟು ಉಣ್ಣೆ, ಉಬ್ಬಿದ ಮೂಗು, ಕಿರಿದಾದ ಎದೆ, ಉದ್ದ ಕಾಲು, ಗಿಡ್ಡ ತೆಳು ಬಾಲ. ಚಂದ ಅನ್ನುವಂತಿಲ್ಲ. ನಾಲ್ಕಾರು ಕೆಂಗುರಿಗಳೂ ಇವೆ. ಕೆಂಗುರಿ ಅಂದರೆ ಕೆಂಪು ಕುರಿ, ಹೆಸರಿನಲ್ಲೇ ಬಣ್ಣ. ರಾಯಚೂರು, ಕೊಪ್ಪಳ ಕಡೆಯ ತಳಿ, ನಮ್ಮ ಸುರಪುರ ಸೀಮೆಗೂ ಹಬ್ಬಿದೆ. ಮೈಮೇಲೆ ಉಣ್ಣೆ ಇಲ್ಲ, ಕೂದಲು. ಎತ್ತರ ಹೆಚ್ಚು, ಟಗರಿಗೆ ಕೋಡು, ಹೆಣ್ಣು ಬೋಳು. ಸಂತೆಯಲ್ಲಿ ಕರಿಕುರಿಗಿಂತ ಇದಕ್ಕೆ ಕಣ್ಣು ಬೀಳುತ್ತದೆ. ಈ ಎರಡೂ ಅಲ್ಲದ್ದನ್ನೆಲ್ಲ, ಅದು ಮಾಡಗ್ಯಾಳವಾಗಲಿ ನೆಲ್ಲೂರಾಗಲಿ ಬಾಗಲಕೋಟೆ ಕಡೆಯ ಯಳಗವಾಗಲಿ, ಕಾಕಾ ‘ಹೊರಗಿನವು’ ಅನ್ನುತ್ತಾನೆ. ತಿರಸ್ಕಾರವೇನಿಲ್ಲ, ಬೀಗರನ್ನು ಹೇಳುವಂತೆ.

2019ರ ಜಾನುವಾರು ಗಣತಿಯಲ್ಲಿ ಕರ್ನಾಟಕದ ಕುರಿಗಳ ಸಂಖ್ಯೆ ಸುಮಾರು 1.1 ಕೋಟಿ. ತೆಲಂಗಾಣ, ಆಂಧ್ರ ಬಿಟ್ಟರೆ ದೇಶದಲ್ಲಿ ನಮ್ಮದೇ ಹೆಚ್ಚು. ಈ ಮೂರೂ ರಾಜ್ಯಗಳಲ್ಲಿ ಕುರಿ ಹೆಚ್ಚಾಗಿ ಇರುವುದು ಮಳೆ ಕೈಕೊಡುವ ಜಿಲ್ಲೆಗಳಲ್ಲೇ. ಮಳೆ ಸರಿಯಾಗಿ ಬೀಳುವ ಕಡೆ ಜನ ಎಮ್ಮೆ ಕಟ್ಟುತ್ತಾರೆ.

ಆ ಬೇಸಿಗೆ ಶಾಲೆ ಇನ್ನೂ ಸರಿಯಾಗಿ ತೆರೆದಿರಲಿಲ್ಲ. ಕಾಕಾನ ಜೊತೆ ಮಡ್ಡಿಗೆ ಹೋಗಿ ಕೂರುವುದು, ಓದಿದ್ದನ್ನು ಅವನಿಗೆ ಹೇಳುವುದು, ಅದಕ್ಕೆ ಅವನು ಏನಾದರೂ ಅನ್ನುವುದು, ಹೀಗೆ ಹೊತ್ತು ಹೋಗುತ್ತಿತ್ತು. ಒಮ್ಮೆ ಕೊಬ್ಬುಬಾಲದ ಕುರಿಗಳ ಬಗ್ಗೆ ಹೇಳಿದೆ. ಸಿರಿಯಾ, ಇರಾಕ್, ಜೋರ್ಡಾನ್ ಕಡೆ ಅವಾಸಿ ಅಂತ ಒಂದು ತಳಿ ಇದೆ ಕಾಕಾ, ಅದರ ಬಾಲವೇ ಒಂದು ಗಂಟು ಇದ್ದಂಗ, ಮೇವು ಇದ್ದಾಗ ಕೊಬ್ಬನ್ನೆಲ್ಲ ಅಲ್ಲಿ ಕೂಡಿಡುತ್ತದೆ, ಇಲ್ಲದಾಗ ಕರಗಿಸಿಕೊಂಡು ಬದುಕುತ್ತದೆ. ಸೋಮಾಲಿಯಾದಲ್ಲಿ ತಲೆ ಕಪ್ಪು, ಮೈ ಬಿಳಿ ಇರುವ ಇನ್ನೊಂದು ಇದೆ, ಅದಕ್ಕೆ ಹಿಂಭಾಗದಲ್ಲಿ ಕೊಬ್ಬು. ನಾನು ತಂದ ಟಗರಿಗೆ ಡಾರ್ಪರ್ ರಕ್ತ ಅಂದರಲ್ಲ, ಆ ಡಾರ್ಪರ್ ಹುಟ್ಟಿದ್ದೂ ಅದರಿಂದಲೇ. 1930ರ ದಶಕದಲ್ಲಿ ದಕ್ಷಿಣ ಆಫ್ರಿಕಾದವರು ಇಂಗ್ಲೆಂಡಿನ ಡಾರ್ಸೆಟ್ ಹಾರ್ನ್ ಕುರಿಯನ್ನು ಈ ಸೋಮಾಲಿ ಮೂಲದ ಕರಿತಲೆಯ ಕುರಿಯ ಜೊತೆ ಕೂಡಿಸಿದರು. ತೂಕ ಇಂಗ್ಲೆಂಡಿನದು, ಬಿಸಿಲು ತಡೆಯುವ ತಾಕತ್ತು ಮರಳುಗಾಡಿನದು.

ಕಾಕಾ ಎಲ್ಲವನ್ನೂ ಕೇಳಿದ. ಹಿಂಡು ಹಳ್ಳದ ಆಚೆ ದಂಡೆ ಏರುತ್ತಿತ್ತು.

“ಅವಕ್ಕ ಕೊಬ್ಬು ಬಾಲದಾಗ ಅದ ಅಂದ್ಯಲ್ಲ ಮಾಸ್ತರ. ನಮ್ ಕುರಿ ಕೊಬ್ಬು ಕಾಲಾಗದ.”

ಇದು ಅವನು ಸುಮ್ಮನೆ ಅಂದ ಮಾತು. ಅಂದು ಎದ್ದು ಹೋಗಿ ಹಿಂದುಳಿದ ಒಂದು ಮರಿಯನ್ನು ಎತ್ತಿಕೊಂಡ. ನನಗೆ ಮಾತ್ರ ಅದು ಇಲ್ಲಿಯವರೆಗೆ ಬಿಟ್ಟಿಲ್ಲ.

ಮೊದಲು ಮೈಯ ಲೆಕ್ಕ ನೋಡೋಣ. ಮೇ ತಿಂಗಳ ನಡುಹಗಲು, ನಮ್ಮ ಕಡೆ 43 ಡಿಗ್ರಿ ಎನ್ನುವುದು ಸುದ್ದಿಯೇ ಅಲ್ಲ. ಕುರಿಯ ಮೈಬಿಸಿ ಮಾಮೂಲಾಗಿಯೇ 39 ಡಿಗ್ರಿ ಆಸುಪಾಸು. ಅಂದರೆ ಹೊರಗಿನ ಗಾಳಿ ಒಳಗಿನ ರಕ್ತಕ್ಕಿಂತ ಬಿಸಿ. ನಮ್ಮ ಹಾಗೆ ಧಾರಾಕಾರ ಬೆವರುವುದು ಅದಕ್ಕೆ ಬರುವುದಿಲ್ಲ. ಬಾಯಿ, ಮೂಗಿನಿಂದ ತೇಕಿ ತೇಕಿ ಬಿಸಿ ಹೊರಗೆ ಹಾಕಬೇಕು. ಮೂಗಿನೊಳಗೆ ತಣ್ಣಗಾದ ರಕ್ತ ತಲೆಯ ತಳದಲ್ಲಿ ಮಿದುಳಿಗೆ ಹೋಗುವ ರಕ್ತನಾಳದ ಬಲೆಯನ್ನು ಸುತ್ತಿ ಹಾಯುತ್ತದೆ. ಮೈ ಕಾದರೂ ಮಿದುಳು ಅಷ್ಟು ಕಾಯದಿರಲು ಇದು ಒಂದು ದಾರಿ. ಇದು ಎಲ್ಲ ಕುರಿಗೂ ಇದೆ. ಕಾಕಾನ ಕರಿಕುರಿಗಳಿಗೆ ಇದರ ಮೇಲೊಂದು ಯುಕ್ತಿ ಗೊತ್ತು. ನಡುಹಗಲು ಮಡ್ಡಿಯಲ್ಲಿ ನೆರಳಿಲ್ಲದಾಗ ಎಲ್ಲ ಒತ್ತೊತ್ತಾಗಿ ನಿಂತು ತಲೆಯನ್ನು ಪಕ್ಕದ್ದರ ಹೊಟ್ಟೆಯ ಕೆಳಗೆ ತೂರಿಸುತ್ತವೆ. ದೂರದಿಂದ ನೋಡಿದರೆ ತಲೆಯೇ ಇಲ್ಲದ ನೂರು ಕುರಿ. ತಿಳಿಯದವರು ಇದನ್ನು ನೋಡಿ ‘ಕುರಿಬುದ್ಧಿ’ ಅನ್ನುತ್ತಾರೆ. ಇರುವ ಒಂದೇ ನೆರಳನ್ನು ಎಲ್ಲರೂ ಒಬ್ಬರಿಗೊಬ್ಬರು ಮಾಡಿಕೊಡುವುದಕ್ಕೆ ಆ ಹೆಸರು ಯಾರು ಇಟ್ಟರೋ.

ಇಷ್ಟು ಬಿಸಿಲಿನಲ್ಲಿ ಮೈ ಯಾಕೆ ಕಪ್ಪು, ಅದರ ಮೇಲೆ ಉಣ್ಣೆ ಬೇರೆ ಯಾಕೆ? ಹುಡುಗರು ಪ್ರತಿ ವರ್ಷ ಕೇಳುತ್ತಾರೆ, ನಾನೂ ಮುತ್ಯಾನನ್ನು ಕೇಳಿದ್ದೆ. ಮುತ್ಯಾ “ಕಂಬಳಿ ಹೊತ್ತ್ಕೊಂಡು ನೋಡು” ಅಂದಿದ್ದ. ಅದೇ ಉತ್ತರ. ಬಿಸಿಲು ಬೀಳುವುದು ಉಣ್ಣೆಯ ತುದಿಗೆ. ತುದಿ ಕೈ ಇಡಲಾಗದಷ್ಟು ಕಾಯುತ್ತದೆ, ಬುಡದಲ್ಲಿ ಹಿಡಿದಿಟ್ಟ ಗಾಳಿ ಆ ಬಿಸಿಯನ್ನು ಚರ್ಮದವರೆಗೆ ಬಿಡುವುದಿಲ್ಲ. ಬೀಸುವ ಗಾಳಿಗೆ ತುದಿ ಮತ್ತೆ ಆರುತ್ತದೆ. 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿಜ್ಞಾನಿಗಳು ಇಂಥದ್ದೇ ಪ್ರಶ್ನೆ ಎತ್ತಿದ್ದರು: ಬೆಡೂಯಿನ್ ಜನ ಸುಡುವ ಮರಳುಗಾಡಿನಲ್ಲಿ ಕಪ್ಪು ನಿಲುವಂಗಿ ಯಾಕೆ ತೊಡುತ್ತಾರೆ? ಕಪ್ಪು ಬಟ್ಟೆ ಹೆಚ್ಚು ಬಿಸಿ ಹೀರುತ್ತದೆ ನಿಜ, ಆದರೆ ಸಡಿಲ ಬಟ್ಟೆಯಲ್ಲಿ ಆ ಬಿಸಿ ಮೈ ಮುಟ್ಟುವ ಮೊದಲೇ ಕಳೆದುಹೋಗುತ್ತದೆ ಎಂದು ತೋರಿಸಿದರು. ಬಿಳಿ ತೊಟ್ಟರೂ ಕಪ್ಪು ತೊಟ್ಟರೂ ಚರ್ಮಕ್ಕೆ ತಟ್ಟುವ ಬಿಸಿ ಒಂದೇ. ಕಂಬಳಿ ಹೊದ್ದು ಬಿಸಿಲಲ್ಲಿ ನಿಂತ ನಮ್ಮ ಮುತ್ಯಾನನ್ನು ಯಾವ ಪತ್ರಿಕೆಯೂ ಅಳೆಯಲಿಲ್ಲ, ಇರಲಿ.

ಇನ್ನು ನೀರು, ಮೇವು. ಕರಿಕುರಿಯ ಹಿಕ್ಕಿಯನ್ನು ಬೇಸಿಗೆಯಲ್ಲಿ ಕೈಯಲ್ಲಿ ಹಿಡಿದರೆ ಹುರಿದ ಬಟಾಣಿಯಂತಿರುತ್ತದೆ, ತೇವವೇ ಇಲ್ಲ. ಮೂತ್ರ ಗಟ್ಟಿ. ಮೂತ್ರಪಿಂಡ ನೀರನ್ನು ಹನಿಹನಿಯಾಗಿ ಹಿಂದಕ್ಕೆ ಎಳೆದುಕೊಂಡಿರುತ್ತದೆ. ದೊಡ್ಡ ಹೊಟ್ಟೆ ಎನ್ನುವ ಮೊದಲ ಕೋಣೆ ಮೇವು ಹುದುಗಿಸುವ ಜಾಗ ಮಾತ್ರವಲ್ಲ, ನೀರಿನ ಹರವಿಯೂ ಹೌದು. ನನಗೆ ಎಲ್ಲಕ್ಕಿಂತ ಸೋಜಿಗ ಯೂರಿಯಾ ಲೆಕ್ಕ. ಒಣ ಕೂಳೆ, ಹೊಟ್ಟು, ಜಾಲಿಕಾಯಿ ತಿಂದು ಬದುಕುವಾಗ ಮೇವಿನಲ್ಲಿ ಪ್ರೋಟೀನು ಇರುವುದು ಅಷ್ಟಕ್ಕಷ್ಟೆ. ಆಗ ಮೂತ್ರದಲ್ಲಿ ಹೊರಗೆ ಹೋಗಬೇಕಾದ ಯೂರಿಯಾವನ್ನು ಕುರಿ ಜೊಲ್ಲಿನ ಮೂಲಕ ಮತ್ತೆ ದೊಡ್ಡ ಹೊಟ್ಟೆಗೆ ಕಳಿಸುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನೇ ತಿಂದು ಬೆಳೆಯುತ್ತವೆ, ಕುರಿ ಅವುಗಳನ್ನು ಜೀರ್ಣಿಸಿಕೊಂಡು ಪ್ರೋಟೀನು ಪಡೆಯುತ್ತದೆ. ಇದನ್ನು ಕಾಕಾನಿಗೆ ಹೇಳಿದ್ದೇ ತಪ್ಪಾಯಿತು.

“ಸೊಸೈಟ್ಯಾಗ ಲೈನ್ ಹಚ್ಚಿದ್ರೂ ಒಂದು ಚೀಲ ಸಿಗವಲ್ದು. ಕುರಿ ಹೊಟ್ಟ್ಯಾಗೇ ಯೂರಿಯಾ ಅದ ಅಂದ್ರ ಕಂಪನಿಯವ್ರಿಗಿ ಹೇಳಬ್ಯಾಡ, ರೇಟ್ ಹಚ್ತಾರ.”

ಅವನಿಗೆ ಯೂರಿಯಾ ಬೇಕಿರುವುದು ತನಗಲ್ಲ, ಹೊಲದವರಿಗೆ. ತೊಗರಿ ಕೊಯ್ಲು ಮುಗಿದ ಮೇಲೆ ಅವರ ಹೊಲದಲ್ಲಿ ಕುರಿ ತರಬುವುದು ಅವನ ವರ್ಷದ ಅರ್ಧ ಬಾಳ್ವೆ. ಹಗಲು ಮೇಯಿಸಿ ರಾತ್ರಿ ಒಂದು ಹೊಲದಲ್ಲಿ ಹಿಂಡು ಕೂಡಿಸಿದರೆ ಬೆಳಗಿಗೆ ಹಿಕ್ಕಿ, ಮೂತ್ರ ಹೊಲದಲ್ಲೇ ಉಳಿಯುತ್ತವೆ. ಇಷ್ಟು ರಾತ್ರಿಗೆ ಇಷ್ಟು ಜೋಳ ಅಥವಾ ಇಷ್ಟು ರೊಕ್ಕ. ಮರುದಿನ ಪಕ್ಕದ ತಾಕಿಗೆ ದಡ್ಡಿ ಸರಿಸುತ್ತಾರೆ. ಗೊಬ್ಬರವನ್ನು ಬಂಡಿಯಲ್ಲಿ ಹೇರಿ ತರಬೇಕಿಲ್ಲ, ಅದೇ ನಾಲ್ಕು ಕಾಲಿನಲ್ಲಿ ನಡೆದು ಬರುತ್ತದೆ.

ಮರಿಯ ಲೆಕ್ಕಕ್ಕೆ ಬಂದರೆ ನಾನು ಎಲ್ಲರಿಗಿಂತ ಜಾಣ ಎಂದುಕೊಂಡಿದ್ದೆ. ಕರಿಕುರಿ ಸಾಮಾನ್ಯವಾಗಿ ಒಂದು ಸೂಲಿಗೆ ಒಂದೇ ಮರಿ ಹಾಕುತ್ತದೆ. ಐದು ತಿಂಗಳು ಹೊತ್ತು ಒಂದೇ! ಬಂಗಾಳದ ಸುಂದರಬನದ ಜೌಗಿನಲ್ಲಿ ಗರೋಲ್ ಎನ್ನುವ ಪುಟ್ಟ ಕುರಿ ಇದೆ, ಅದಕ್ಕೆ ಅವಳಿ ಜವಳಿ ಮಾಮೂಲು, ಅದರ ಹಿಂದಿರುವುದು ಒಂದೇ ಒಂದು ಜೀನ್. ಮಹಾರಾಷ್ಟ್ರದ ಫಲ್ಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆಯವರು ಆ ಜೀನನ್ನು ದಖನಿ ಕುರಿಗೆ ಸೇರಿಸಿ ನಾರಿ ಸುವರ್ಣ ಎನ್ನುವ ತಳಿ ಮಾಡಿದರು. ತಲೆಮಾರುಗಳ ತಾಳ್ಮೆ ಬೇಡುವ ಕೆಲಸ, ಮೆಚ್ಚಬೇಕಾದದ್ದು. ಕಟ್ಟಿಹಾಕಿ ಮೇವು ಕೊಡುವ ಅನುಕೂಲ ಇರುವವರಿಗೆ ಅದರಿಂದ ಲಾಭವೂ ಇದೆ. ಕಾಕಾನ ಮುಂದೆ ಇದನ್ನೆಲ್ಲ ಹೇಳಿ, ನಿನ್ನ ಹಿಂಡಿಗೂ ಅಂಥ ಟಗರು ತರೋಣ ಅಂದೆ.

“ಎರಡು ಮರಿ ಹಾಕ್ತಾವ, ಖರೇ. ಹಾಲು ಎರಡ್ರದು ಇರ್ತಾವೇನು? ಯುಗಾದಿ ದಾಟಿದ ಮ್ಯಾಲ ದಿನಾ ಇಷ್ಟು ದೂರ ನಡೀಬೇಕು. ಒಂದು ಮರಿ ನಾ ಹೆಗಲ ಮ್ಯಾಲ ಹೊರ್ತೀನಿ. ಎರಡನೇದು ನೀ ಹೊರ್ತೀಯೇನು?”

ಒಂದೇ ಮರಿ ಎನ್ನುವುದನ್ನು ನಾನು ಆ ತಳಿಯ ಕೊರತೆ ಎಂದು ತಿಳಿದಿದ್ದೆ. ಬರಗಾಲದ ಮೇಲೆ ಬರಗಾಲ ಕಂಡ ಹಿಂಡುಗಳಲ್ಲಿ ಎರಡು ಹಾಕಿದ ತಾಯಿ ಎರಡನ್ನೂ ಕಳೆದುಕೊಂಡು ತಾನೂ ಬಿದ್ದಿರಬೇಕು. ಒಂದು ಹಾಕಿದ್ದು ಒಂದನ್ನು ಉಳಿಸಿಕೊಂಡು ಮುಂದಿನ ಮಳೆಗೆ ಮತ್ತೆ ಗಬ್ಬವಾಗಿರಬೇಕು. 1972ರ ಬರದಲ್ಲಿ ಮುತ್ಯಾನ ಹಿಂಡು ಮುಕ್ಕಾಲು ಹೋಗಿತ್ತಂತೆ. ಉಳಿದ ಕಾಲು ಪಾಲಿನ ಮೊಮ್ಮಕ್ಕಳ ಮೊಮ್ಮಕ್ಕಳೇ ಈಗ ಕಾಕಾನ ಹತ್ತಿರ ಇರುವವು. ಯಾವ ಸಂಸ್ಥೆಯೂ ಇಷ್ಟು ನಿರ್ದಯವಾಗಿ ತಳಿ ಆರಿಸಲಾರದು.

ಈಗ ನನ್ನ ಶೆಡ್ಡಿಗೆ ಬರುತ್ತೇನೆ. ತಡ ಮಾಡುತ್ತಿದ್ದೆ, ಗೊತ್ತು.

ಟಗರು ಹೋದದ್ದು ಮೇ ತಿಂಗಳ ಒಂದು ಮಧ್ಯಾಹ್ನ. ಪತ್ರಾಸ್ ಕಾದಿತ್ತು, ಕರೆಂಟ್ ಹೋಗಿ ಫ್ಯಾನ್ ನಿಂತಿತ್ತು. ನಾಲಿಗೆ ಹೊರಗೆ ಹಾಕಿ ತೇಕುತ್ತಿತ್ತು. ನೀರು ಸುರಿದೆವು, ಗೋಣಿಚೀಲ ತೊಯಿಸಿ ಹೊದಿಸಿದೆವು. ಮೂರು ಗಂಟೆ ಹೊತ್ತಿಗೆ ಮುಗಿಯಿತು. ಅದೇ ಹೊತ್ತಿನಲ್ಲಿ ಅರ್ಧ ಹರದಾರಿ ಆಚೆ ಮಡ್ಡಿಯಲ್ಲಿ ಕಾಕಾನ ಹಿಂಡು ತಲೆ ತೂರಿಸಿಕೊಂಡು ನಿಂತಿತ್ತು. ನೆರಳು ಇದ್ದದ್ದು ನನ್ನ ಟಗರಿಗೆ, ಗಾಳಿ ಇದ್ದದ್ದು ಅವಕ್ಕೆ.

ಉಳಿದ ಆರು ಹೋದದ್ದು ಮಳೆಗಾಲ ಮುಗಿದ ಮೇಲೆ, ನೀಲಿ ನಾಲಿಗೆ ರೋಗಕ್ಕೆ. ಮೊದಲು ಜ್ವರ, ಮೋರೆ ಬಾವು, ಮೂಗಿನಲ್ಲಿ ಸಿಂಬಳ ಗಟ್ಟಿಯಾಗಿ ಉಸಿರು ಕಟ್ಟುವುದು, ಬಾಯೊಳಗೆ ಹುಣ್ಣು, ಗೊರಸಿನ ಮೇಲ್ಭಾಗ ಕೆಂಪಾಗಿ ಕುಂಟುವುದು. ಇದು ಕುರಿಯಿಂದ ಕುರಿಗೆ ಮುಟ್ಟಿ ಹರಡುವುದಿಲ್ಲ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ನುಸಿ ಕಚ್ಚಿ ಹರಡುತ್ತದೆ. ಆ ನುಸಿ ಹುಟ್ಟುವುದು ಸಗಣಿ, ಹಿಕ್ಕಿ ಬೆರೆತ ಹಸಿ ರಾಡಿಯಲ್ಲಿ. ನನ್ನ ಎತ್ತರದ ಶೆಡ್ಡಿನ ಕೆಳಗೆ ಇದ್ದದ್ದು ಅದೇ. ಮೇಲೆ ಸ್ವಚ್ಛ ಜಾಲರಿ, ಕೆಳಗೆ ಮೂರು ತಿಂಗಳ ಹಿಕ್ಕಿ, ಅದರ ಮೇಲೆ ನಳ ಸೋರಿದ ನೀರು. ನುಸಿಗೆ ತೊಟ್ಟಿಲು ಕಟ್ಟಿ, ಮೇಲೆ ಊಟ ತೂಗುಹಾಕಿದಂತೆ. ಲಸಿಕೆ ಇದೆ, ಮಳೆಗಾಲಕ್ಕೆ ಮೊದಲೇ ಹಾಕಿಸಬೇಕಿತ್ತು, ಹಾಕಿಸಿರಲಿಲ್ಲ. ಶಾಲೆ ತೆರೆದಿತ್ತು, ಕಲಬುರಗಿಗೆ ಹೋಗಿಬಿಟ್ಟಿದ್ದೆ. ಈ ತಪ್ಪನ್ನು ಫಾರ್ಮಿನವರ ತಲೆಗೆ ಕಟ್ಟಲಾರೆ.

ಕಾಕಾನ ಹಿಂಡಿಗೆ ಬರಲಿಲ್ಲವೆಂದಲ್ಲ. ಬಂತು. ಎಂಟು ಹತ್ತು ಕುರಿ ಮಂಕಾದವು, ಎರಡು ಮರಿ ಸತ್ತವು. ನಾಟಿ ಕುರಿಗೆ ಏನೂ ಆಗುವುದಿಲ್ಲ ಎನ್ನುವವರ ಮಾತು ನಂಬಬೇಡಿ. ಪಿಪಿಆರ್ ಎನ್ನುವ ಆಡು-ಕುರಿಗಳ ಪ್ಲೇಗು ಬಂದರೆ, ಕರುಳುಬೇನೆ ಬಂದರೆ ಕರಿಕುರಿಯೂ ಸಾಯುತ್ತದೆ. ಎಳೆ ಜೋಳದ ಕೂಳೆ ಚಿಗುರು ತಿಂದರೆ ಅದರ ವಿಷಕ್ಕೆ ಯಾವ ತಳಿಯೂ ತಡೆಯುವುದಿಲ್ಲ. ಆದರೂ ಮಂಕಾದವು ಮತ್ತೆ ಎದ್ದವು. ಹಿಂಡು ಎರಡು ರಾತ್ರಿಗಿಂತ ಹೆಚ್ಚು ಒಂದೇ ಕಡೆ ಮಲಗುತ್ತಿರಲಿಲ್ಲ, ಮಲಗುವುದೂ ಗಾಳಿ ಆಡುವ ದಿಬ್ಬದ ಮೇಲೆ. ಅವುಗಳ ಹಿಕ್ಕಿಯಲ್ಲಿ ನುಸಿ ಹುಟ್ಟುವ ಹೊತ್ತಿಗೆ ಅವು ಅಲ್ಲಿರುತ್ತಿರಲಿಲ್ಲ.

ನೀಲಿ ನಾಲಿಗೆಯ ಚರಿತ್ರೆ ಓದಿದ್ದು ಆಮೇಲೆ. ಮೆರಿನೊ ಕುರಿಗಳು ದಕ್ಷಿಣ ಆಫ್ರಿಕಾದ ಕೇಪ್‌ಗೆ ಬಂದದ್ದು 1789ರಲ್ಲಿ. ಹೀಗೆ ಯುರೋಪಿನ ಮೆರಿನೊ ಅಲ್ಲಿಗೆ ಹೋದ ಮೇಲೆಯೇ ಈ ರೋಗ ಮನುಷ್ಯರ ಗಮನಕ್ಕೆ ಬಿದ್ದದ್ದು. ಅಲ್ಲಿನ ನೆಲದ ಕುರಿಗಳೊಳಗೆ ವೈರಸ್ ಮೊದಲೇ ಸದ್ದಿಲ್ಲದೆ ಓಡಾಡಿಕೊಂಡಿತ್ತು. ಹೊರಗಿನ ಕುರಿ ಬಂದು ಸತ್ತಾಗ ಅದಕ್ಕೊಂದು ಹೆಸರು ಬಂತು. ಭಾರತದಲ್ಲಿ ಮೊದಲು ವರದಿಯಾದದ್ದು 1964ರಲ್ಲಿ, ಮಹಾರಾಷ್ಟ್ರದಲ್ಲಿ. ನಾನು ಯಾವ ಹೊಸ ತಪ್ಪನ್ನೂ ಮಾಡಿರಲಿಲ್ಲ, ಇನ್ನೂರು ವರ್ಷ ಹಳೆಯದನ್ನೇ ಮಾಡಿದ್ದೆ.

ಇಷ್ಟು ಓದಿ ‘ಹಾಗಾದರೆ ಎಲ್ಲರೂ ಕರಿಕುರಿ ಸಾಕಲಿ’ ಎಂದು ಬರೆಯುವುದು ಸುಲಭ. ಕಾಕಾನೇ ಹಾಗೆ ಅನ್ನುವುದಿಲ್ಲ. ಉಣ್ಣೆಯ ಕಥೆ ನೋಡಿ. ವರ್ಷಕ್ಕೆ ಎರಡು ಸಲ ಕತ್ತರಿಸಬೇಕು. ಮೊದಲು ಉಣ್ಣೆ ಒಯ್ಯುವವರು ಊರಿಗೇ ಬರುತ್ತಿದ್ದರು, ಕತ್ತರಿಸುವವರಿಗೆ ಕೂಲಿ ಕೊಟ್ಟೂ ಕೈಯಲ್ಲಿ ಉಳಿಯುತ್ತಿತ್ತು. ಈಗ ಕೂಲಿ ಕೈಯಿಂದ ಹೋಗುತ್ತದೆ, ಉಣ್ಣೆ ಬೇವಿನ ಗಿಡದ ಬುಡಕ್ಕೆ ಹೋಗುತ್ತದೆ. ನಮ್ಮ ಆಯಿ ಕದರಿನಲ್ಲಿ ನೂಲು ತೆಗೆಯುತ್ತಿದ್ದಳು. ಪಕ್ಕದ ಊರಿನಲ್ಲಿ ಕುಣಿ ಮಗ್ಗ ಇತ್ತು, ಹುಣಸೆ ಬೀಜದ ಗಂಜಿ ಹಚ್ಚಿದ ಹಾಸನ್ನು ಬಿಸಿಲಿಗೆ ಎಳೆದು ಕಟ್ಟಿದ್ದು ನೆನಪಿದೆ, ಆ ವಾಸನೆಯೂ. ಆ ಕಂಬಳಿ ಚುಚ್ಚುತ್ತದೆ, ಭಾರ, ಶಹರದ ಮಂದಿಗೆ ಬೇಡ. ಕೊಪ್ಪಿ ಮಾಡಿ ಹೊದ್ದರೆ ಮಳೆಯಲ್ಲಿ ಮನೆ. ಮದುವೆಯಲ್ಲಿ ಅದನ್ನೇ ಗದ್ದುಗೆಗೆ ಹಾಸುತ್ತಾರೆ, ಅದಕ್ಕಾಗಿ ಪ್ರತಿ ಮನೆಯಲ್ಲೂ ಒಂದು ಉಳಿದಿದೆ. ಪೆಟ್ಟಿಗೆಯಲ್ಲಿ.

ಉಣ್ಣೆಗೆ ಬೆಲೆ ಹೋದ ಮೇಲೆ ಕುರಿ ಅಂದರೆ ತೂಕ ಮಾತ್ರ. ತೂಕ ಮಾತ್ರ ಆದ ಮೇಲೆ ಕರಿಕುರಿಗೆ ಟಗರು ಬಿಡುವಾಗ ಜನ ನೆಲ್ಲೂರು, ಮಾಡಗ್ಯಾಳ ಹುಡುಕಿದರು. ಮರಿ ಎತ್ತರ ಬಂತು, ಉಣ್ಣೆ ತೆಳುವಾಯಿತು, ಬಣ್ಣ ಚದುರಿತು. 2017ರಲ್ಲಿ ತೆಲಂಗಾಣ ಸರ್ಕಾರ ಒಂದೊಂದು ಕುಟುಂಬಕ್ಕೆ 20 ಹೆಣ್ಣು, 1 ಟಗರು ಕೊಡುವ ಯೋಜನೆ ತಂದಾಗ ಕುರಿ ಕೊಳ್ಳಲು ಪಕ್ಕದ ರಾಜ್ಯಗಳಿಗೂ ಬಂದರು. ನಮ್ಮ ಊರಲ್ಲೂ ಲಾರಿ ನಿಂತಿತ್ತು. ಕಾಕಾ ಮಾರಲಿಲ್ಲ. ಪ್ರೀತಿಯಿಂದಲ್ಲ, ರೇಟು ಕೂಡಿಬರಲಿಲ್ಲ. ಅವನೇ ಹೇಳಿದ್ದು.

ಜನವರಿಯಲ್ಲಿ ಮೈಲಾಪುರಕ್ಕೆ ಹೋಗುತ್ತೇವೆ, ಮಲ್ಲಯ್ಯನ ಜಾತ್ರೆ. ಸಂಕ್ರಾಂತಿಯ ಹೊತ್ತಿಗೆ ಮಳೆಗಾಲದ ಗಬ್ಬದ ಮರಿಗಳು ಎಳೆಯವಿರುತ್ತವೆ. ಹರಕೆ ಹೊತ್ತವರು ಪಲ್ಲಕ್ಕಿಯ ಮೇಲೆ ಕುರಿಮರಿ ಎಸೆಯುವ ಪದ್ಧತಿ ಇತ್ತು. ಜಿಲ್ಲಾಡಳಿತ ನಿಷೇಧಿಸಿದೆ, ದಾರಿಯ ಚೆಕ್‌ಪೋಸ್ಟುಗಳಲ್ಲಿ ಮರಿಗಳನ್ನು ಇಳಿಸಿಕೊಳ್ಳುತ್ತಾರೆ. ನಿಷೇಧ ಸರಿಯೇ, ಅಷ್ಟು ಎತ್ತರದಿಂದ ಬಿದ್ದ ಮರಿಯನ್ನು ನೋಡಿದವನು ಬೇರೆ ಮಾತಾಡಲಾರ. ಆದರೆ ವರ್ಷಕ್ಕೆ ಒಂದೇ ಮರಿ ಹಾಕುವ ಕುರಿಯ ಒಂದು ಮರಿಯನ್ನು ಕೊಡುತ್ತೇನೆ ಎಂದವನು ಏನು ಕೊಡುತ್ತಿದ್ದ ಎನ್ನುವುದು ಕುರಿ ಕಳೆದುಕೊಂಡ ಮೇಲೆ ನನಗೆ ಸ್ವಲ್ಪ ತಿಳಿಯಿತು. ಏಳುಕೋಟಿ ಏಳುಕೋಟಿಗೋ ಎಂದು ಜನ ಕೂಗುವಾಗ ಕಾಕಾ ಕೂಗುವುದಿಲ್ಲ, ತುಟಿ ಆಡಿಸುತ್ತಾನೆ.

ಮತ್ತೆ ಕಾಲಿನ ಮಾತಿಗೆ. ಕಾಕಾನ ಹಿಂಡಿಗೆ ಒಂದು ವರ್ಷದ ದಾರಿ ಇದೆ. ಮಳೆ ಹಿಡಿದರೆ ಎರಿ ಹೊಲದ ರಾಡಿ ಗೊರಸಿಗೆ ಮೆತ್ತುತ್ತದೆ, ಕಾಲು ಕೊಳೆಯುತ್ತದೆ, ಆಗ ಮಡ್ಡಿ, ಗುಡ್ಡ. ಚಳಿಗಾಲಕ್ಕೆ ಇಳಿದು ತೊಗರಿ, ಜೋಳ, ಹತ್ತಿ ಕಿತ್ತ ಹೊಲಗಳು. ಬೇಸಿಗೆಗೆ ನೀರು ಇರುವ ಕಡೆ, ಹಳ್ಳದ ದಂಡೆ, ನದಿ ದಂಡೆ. ಅವಾಸಿ ಕುರಿ ತನ್ನ ಮುಂದಿನ ತಿಂಗಳ ಊಟವನ್ನು ಬಾಲದಲ್ಲಿ ಹೊತ್ತು ತಿರುಗುತ್ತದೆ. ನಮ್ಮದರ ಮುಂದಿನ ತಿಂಗಳ ಊಟ ಇಪ್ಪತ್ತು ಮೂವತ್ತು ಕಿಲೋಮೀಟರ್ ಆಚೆ ಇನ್ನೊಬ್ಬರ ಹೊಲದಲ್ಲಿ ಇರುತ್ತದೆ. ಬಾಲ ಕುರಿಯದು, ಯಾರೂ ಕಸಿಯಲಾರರು. ದಾರಿ ಕುರಿಯದಲ್ಲ.

ನಾರಾಯಣಪುರದ ಎಡದಂಡೆ ಕಾಲುವೆ ಬಂದ ಮೇಲೆ ಸುರಪುರ, ಶಹಾಪುರ ಕಡೆ ಭತ್ತ ಬಂತು. ಒಳ್ಳೆಯದೇ ಆಯಿತು, ನಮ್ಮ ಮನೆಯ ಊಟದಲ್ಲೂ ಅದರ ಅನ್ನ ಇದೆ. ಆದರೆ ಎರಡು ಬೆಳೆ ಬೆಳೆಯುವ ಹೊಲದಲ್ಲಿ ಕುರಿ ತರಬಲು ಬಿಡುವು ಇರುವುದಿಲ್ಲ. ಕೂಳೆ ಇರುವ ಹೊತ್ತಿಗೆ ಗದ್ದೆಯಲ್ಲಿ ನೀರು ನಿಂತಿರುತ್ತದೆ. ಊರಿನ ಗೈರಾಣದಲ್ಲಿ, ಅಂದರೆ ಗೋಮಾಳದಲ್ಲಿ, ಸ್ವಲ್ಪ ಮನೆಯಾಯಿತು, ಸ್ವಲ್ಪ ಸಾಗುವಳಿಯಾಯಿತು, ಉಳಿದದ್ದರಲ್ಲಿ ಬಳ್ಳಾರಿ ಜಾಲಿ. ಅದರ ಕಾಯಿ ಕುರಿಗೆ ಬೇಕು, ಮುಳ್ಳು ಯಾರಿಗೂ ಬೇಡ. ಬದುವಿಗೆ ತಂತಿ ಬಂದಿದೆ. ಪುಸ್ತಕಗಳು ಬಿಸಿಲು ತಡೆಯುವ, ರೋಗ ತಡೆಯುವ, ದೂರ ನಡೆಯುವ ತಳಿ ಎಂದು ದಖನಿಯ ಗುಣ ಪಟ್ಟಿ ಮಾಡುತ್ತವೆ. ದೂರ ನಡೆಯುವುದನ್ನು ಮೂರನೆಯದಾಗಿ ಬರೆಯುತ್ತವೆ. ನನಗೀಗ ಅನ್ನಿಸುವುದು ಮೊದಲೆರಡೂ ಆ ಮೂರನೆಯದರ ಮಕ್ಕಳು. ಕಾಕಾನ ಕುರಿಗಳನ್ನು ನನ್ನ ಶೆಡ್ಡಿನಲ್ಲಿ ಕಟ್ಟಿದ್ದರೆ ಅವುಗಳಲ್ಲೂ ಎಷ್ಟು ಉಳಿಯುತ್ತಿದ್ದವೋ.

ಶೆಡ್ಡು ಈಗ ಖಾಲಿ. ತೊಗರಿ ಹೊಟ್ಟು ತುಂಬಿದ್ದೇವೆ. ಉಳಿದಿದ್ದ ನಾಲ್ಕರಲ್ಲಿ ಎರಡನ್ನು ಕಾಕಾ ಬಕ್ರೀದಿಗೆ ಮಾರಿ ರೊಕ್ಕ ನನ್ನ ಕೈಗೆ ಕೊಟ್ಟ. ಒಂದು ಗುಡ್ಡದ ಮೇಲೆ ಹಿಂದುಳಿದು ತೋಳದ ಪಾಲಾಯಿತು. ಒಂದು ಉಳಿದಿದೆ. ಬಿಳಿ ಮೈ, ಕೆಂದು ಕುತ್ತಿಗೆ, ಹಿಂಡಿನ ಕಪ್ಪಿನಲ್ಲಿ ದೂರಕ್ಕೇ ಕಾಣುತ್ತದೆ. ಕಾಕಾನ ಮೊಮ್ಮಕ್ಕಳು ಅದನ್ನು ‘ಮಾಸ್ತರ ಕುರಿ’ ಅನ್ನುತ್ತಾರೆ. ಮೊದಲ ವರ್ಷ ಯಾವಾಗಲೂ ಕೊನೆಯಲ್ಲಿ ಕುಂಟುತ್ತ ಬರುತ್ತಿತ್ತು. ಕರಿ ಟಗರಿಗೆ ಗಬ್ಬವಾಗಿ ಒಂದು ಮರಿ ಹಾಕಿತು, ಮೈ ಕಪ್ಪು, ಹಣೆಯಲ್ಲಿ ಬಿಳಿ ನಾಮ. ಹೋದ ಬೇಸಿಗೆ ನೋಡಿದಾಗ ಆ ಮರಿ ನಡುಹಗಲು ಎಲ್ಲದರ ಜೊತೆ ತಲೆ ತೂರಿಸಿಕೊಂಡು ನಿಂತಿತ್ತು. ತಾಯಿ ಮಾತ್ರ ಹೊರಗೆ, ಬಿಸಿಲಿನಲ್ಲಿ ತಲೆ ಎತ್ತಿಕೊಂಡು.

ಮೊನ್ನೆ ಭಾನುವಾರ ಕಾಕಾ ಫೋನ್ ಮಾಡಿದ್ದ. ಅವನು ತಾನಾಗಿ ಫೋನ್ ಮಾಡುವವನಲ್ಲ.

“ಮಾಸ್ತರ, ಹಳ್ಳದ ಆಚೀಗಿ ಆ ಹೊಲ ಕಲಬುರಗ್ಯಾಗ ಇರೋರು ಯಾರೋ ತಗೊಂಡಾರಂತ. ದಾರಿಗಿ ತಂತಿ ಬಿಗ್ಯಾಕತ್ತಾರ. ತೊಗರಿ ರಾಶಿ ಆದ ಮ್ಯಾಲ ನಾವು ಅಲ್ಲಿಂದನೇ ಇಳೀಬೇಕು. ನೀ ಅಲ್ಲೇ ಇರ್ತಿ, ಅವ್ರಿಗಿ ಇಂಗ್ಲೀಷ್‌ನ್ಯಾಗ ಏನರ ಹೇಳು.”

“ಕನ್ನಡದಾಗೇ ಹೇಳ್ತೀನಿ ಕಾಕಾ.”

“ಯಾವುದ್ರಾಗರ ಹೇಳು. ಎರಡು ಆಳು ಅಗಲ ಬಿಟ್ರ ಸಾಕು ಅನ್ನು. ಸಾಲಾಗಿ ಹೋಗ್ತಾವ ನಮ್ಮವು, ಬೆಳಿ ಮುಟ್ಟಂಗಿಲ್ಲ. ಎರಡು ರಾತ್ರಿ ಬಿಟ್ಟಿ ತರಬ್ತೀನಿ ಅಂತನೂ ಅನ್ನು.”

ನಂಬರ್ ಸಿಕ್ಕಿದೆ. ಎರಡು ಸಲ ಫೋನ್ ಮಾಡಿದೆ, ಎತ್ತಿಲ್ಲ. ನಾಳೆ ಶಾಲೆ ಬಿಟ್ಟ ಮೇಲೆ ಮನೆಗೇ ಹೋಗಿ ಬರಬೇಕು.